ಪದಚರ್ಚೆ: ‘ವಿಷಯ ಎಂತ ಹೇಳಿರೆ’ – ಇಂಥ ರೂಢಿಮಾತಿಗೆ ಕನ್ನಡದಲ್ಲಿ ಹೆಸರೇನು?

ಮಾನ್ಯರೇ,

ಒಬ್ಬೊಬ್ಬರ ಬಾಯಲ್ಲಿ ಮತ್ತೆ ಮತ್ತೆ ಬಂದು ಕೊನೆಗೆ ಅವರ ಗುರುತೇ ಆಗಿಬಿಡುವ ಮಾತಿನ ತುಣುಕಿಗೆ ಕನ್ನಡದಲ್ಲಿ ಯಾವ ಹೆಸರು ಸಲ್ಲುತ್ತದೆ ಎಂಬುದು ನನ್ನ ಪ್ರಶ್ನೆ. ಹಿಂದಿ, ಉರ್ದುಗಳಲ್ಲಿ ಇದನ್ನು ‘ತಕಿಯಾ ಕಲಾಂ’ ಎನ್ನುತ್ತಾರೆ. ತಕಿಯಾ ಎಂದರೆ ತಲೆದಿಂಬು, ಕಲಾಂ ಎಂದರೆ ಮಾತು. ನಮ್ಮಲ್ಲಿ ‘ಪಲ್ಲವಿ’ ಎನ್ನುವುದುಂಟಾದರೂ ಅದರಲ್ಲಿ ಹೇಳಿದ್ದನ್ನೇ ಹೇಳುತ್ತಾರೆಂಬ ಬೇಸರ ಸೇರಿಕೊಂಡಿದೆ. ‘ಪಾದಪೂರಣ’ವೆಂದರೆ ಪದ್ಯದ ಸಾಲು ತುಂಬಲೆಂದು ಹಾಕಿದ, ಬೇರೆ ಅರ್ಥವಿಲ್ಲದ ಪದ, ಅದು ಇಲ್ಲಿಗೆ ಹೊಂದುವುದೇ ಇಲ್ಲವೆಂದು ನನ್ನ ಅಭಿಪ್ರಾಯ.

ತಂದೆಯವರ ಹಳೆಯ ಕಾಗದಗಳನ್ನು ಮನೆಯವರಿಗಾಗಿ ಪ್ರತಿ ಮಾಡುತ್ತಿರುವಾಗ ಈ ಪ್ರಶ್ನೆ ಎದ್ದಿತು. ಕಾಸರಗೋಡಿನ ಒಳನಾಡಿನ ನಮ್ಮ ಹವ್ಯಕ ಮನೆಯಲ್ಲಿ ಅವರು ‘ವಿಷಯ ಎಂತ ಹೇಳಿರೆ’ ಎನ್ನದ ದಿನವಿರಲಿಲ್ಲ. ಕಾಗದ ಬರೆಯಲು ಕುಳಿತರೆ ಮಾತ್ರ ಶಾಲೆಯಲ್ಲಿ ಕಲಿತ ಗ್ರಾಂಥಿಕ ಕನ್ನಡವೇ. ‘ಉಭಯಕುಶಲೋಪರಿ’ಯಿಂದ ಸಹಿಯ ತನಕ ಮನೆಮಾತಿನ ಒಂದು ಪದವೂ ನುಸುಳುತ್ತಿರಲಿಲ್ಲ. ಹಾಗಿದ್ದರೂ ಓದುವಾಗ ನನಗೆ ಅವರ ಸ್ವರವೇ ಕೇಳುತ್ತದೆ. ನಾನು ಮೈಸೂರಿನಲ್ಲಿ ಓದುತ್ತಿದ್ದಾಗ ಬಂದ ಒಂದು ಇನ್‌ಲ್ಯಾಂಡಿನಲ್ಲಿ ಹೀಗಿದೆ: “ಮಳೆ ಬಿಟ್ಟಿಲ್ಲ. ಅಡಿಕೆಗೆ ಎರಡನೆಯ ಮದ್ದು ಬಿಡಲು ಆಗಲಿಲ್ಲ, ತಂದಿರಿಸಿದ ಮೈಲುತುತ್ತು ಹಾಗೆಯೇ ಇದೆ. ವಿಷಯ ಏನೆಂದರೆ, ಈ ಸಲ ಹಾಸ್ಟೆಲಿನ ಹಣ ಹದಿನೈದು ದಿನ ತಡವಾದೀತು.” ‘ಎಂತ ಹೇಳಿರೆ’ ಎಂಬುದು ‘ಏನೆಂದರೆ’ ಎಂದು ವೇಷ ಬದಲಿಸಿದೆ, ಆದರೆ ಅದು ಕುಳಿತ ಜಾಗ ಬದಲಾಗಿಲ್ಲ. ನಲುವತ್ತಕ್ಕೂ ಹೆಚ್ಚು ಕಾಗದಗಳನ್ನು ನೋಡಿದೆ. ಮದುವೆಯ ಸುದ್ದಿಗೂ ಕರು ಹಾಕಿದ ಸುದ್ದಿಗೂ ಮೊದಲು ಅದು ಎಲ್ಲಿಯೂ ಇಲ್ಲ. ಹೇಳಲು ಕಷ್ಟವಾಗುವ ಮಾತಿನ ಮುಂದೆ ಮಾತ್ರ ಇದೆ. ಮನೆಯಲ್ಲಿಯೂ ಅವರು ಅಂಥ ಮಾತಿಗೆ ಮೊದಲೇ ಹಾಗೆಂದು ಒಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದರೆಂದು ಈಗ ನೆನಪಾಗುತ್ತಿದೆ.

ಪದದ ರಚನೆಯೂ ಗಮನಿಸತಕ್ಕದ್ದಾಗಿದೆ. ‘ಎಂದರೆ’ಯು ‘ಎನ್ನು’ ಧಾತುವಿನ ಪಕ್ಷಾರ್ಥಕ (ಷರತ್ತನ್ನು ಸೂಚಿಸುವ) ರೂಪ; ಹವ್ಯಕದಲ್ಲಿ ‘ಎಂದು’ ಎನ್ನುವ ಕಡೆ ‘ಹೇಳಿ’ ಬರುವುದರಿಂದ ‘ಎಂದರೆ’ಯು ‘ಹೇಳಿರೆ’ ಆಗುತ್ತದೆ. ತುಳುವಿನ ‘ಪಂಡ’, ಮಲಯಾಳದ ‘ಎನ್ನು ಪರಞ್ಞಾಲ್’ ಕೂಡ ‘ಹೇಳಿದರೆ’ ಎಂಬ ಅರ್ಥದವೇ. ಒಂದೇ ಅಂಗಳದಲ್ಲಿ ಈ ಭಾಷೆಗಳೆಲ್ಲ ನಡೆಯುವ ನಮ್ಮ ಊರಿನಲ್ಲಿ, ಒಂದರ ರೂಢಿ ಇನ್ನೊಂದರ ರೂಢಿಗೆ ಬಲ ಕೊಟ್ಟಿರಬಹುದು.

ಪುನರಾವರ್ತನೆಯಾಗುತ್ತದೆಂದು ‘ವಿಷಯ ಏನೆಂದರೆ’ಯನ್ನು ಅಲ್ಲಲ್ಲಿ ತೆಗೆಯಬೇಕೆಂದು ದೊಡ್ಡಪ್ಪನ ಮಗ ಸೂಚಿಸಿದ್ದಾರೆ. ನಾನು ಒಪ್ಪಿಲ್ಲ. ತೆಗೆದು ಓದಿ ನೋಡಿದರೆ, ಹಣ ತಡವಾದೀತೆಂಬ ವಾಕ್ಯವು ಯಾವುದೋ ಕಚೇರಿಯಿಂದ ಬಂದ ನೋಟೀಸಿನಂತಾಗುತ್ತದೆ.

ನಮ್ಮಂತೆಯೇ ಕರ್ನಾಟಕದ ಗಡಿಯಾಚೆಗಿರುವ ತಾಳವಾಡಿ, ಅಕ್ಕಲಕೋಟೆ, ಮಡಕಶಿರಾ ಕಡೆಯ ಕನ್ನಡಿಗರು ಇಂಥ ಮಾತನ್ನು ಏನೆಂದು ಕರೆಯುತ್ತಾರೆ? ಹಳೆಯ ಕಾಗದಗಳು ನಿಮ್ಮ ಮನೆಯಲ್ಲಿದ್ದರೆ, ಹಿರಿಯರ ಬಾಯಿಮಾತು ಅವುಗಳಲ್ಲಿ ಯಾವ ರೂಪ ತಾಳಿದೆ ಎಂಬುದನ್ನು ಒಂದೆರಡು ವಾಕ್ಯಗಳ ಸಹಿತ ತಿಳಿಸಬೇಕೆಂದು ಕೋರುತ್ತೇನೆ.