'ಆನ್ ದ ವಾಟರ್‌ಫ್ರಂಟ್' ಬ್ಲೂ-ರೇ: ಮೂರು ಅಳತೆಯಲ್ಲಿ ಯಾವುದನ್ನು ನೋಡಬೇಕು?

ಕಪ್ಪುಬಿಳುಪು:
ಡಿಸ್ಕ್ ಕಂಪನಿ ಕ್ರೈಟೀರಿಯನ್ 2013ರಲ್ಲಿ ತಂದ ಸೆಟ್‌ನಲ್ಲಿ ಈ ಹಾಲಿವುಡ್ ಚಿತ್ರ (1954) 1.33, 1.66, 1.85 ಮೂರೂ ಅಳತೆಯಲ್ಲಿದೆ (ಎತ್ತರ 1 ಆದರೆ ಅಗಲ ಎಷ್ಟು ಎಂಬ ಲೆಕ್ಕ). ಥಿಯೇಟರಿನಲ್ಲಿ ತೋರಿಸಿದ್ದು ಯಾವುದು? 1.33ರಲ್ಲಿ ಹೆಚ್ಚು ಕಾಣುತ್ತದೆ, ಹಾಗಾದರೆ ಅದೇ ಪೂರ್ತಿ ಚಿತ್ರವೇ? ಇನ್ನೊಂದು, 1.85 ಹಾಕಿದರೆ ಟಿವಿಯಲ್ಲಿ ಕಪ್ಪು ಪಟ್ಟಿಯೇ ಬರುತ್ತಿಲ್ಲ. ಡಿಸ್ಕ್‌ನ ದೋಷವೇ?

ರೀಲುಪೆಟ್ಟಿಗೆ:
ಹೆಚ್ಚು ಕಂಡಿತೆಂದು ಅದೇ ಪೂರ್ತಿ ಚಿತ್ರವಾಗುವುದಿಲ್ಲ. ನೆಗೆಟಿವ್‌ನಲ್ಲಿ 1.37ರ ಚೌಕಟ್ಟು (ಡಿಸ್ಕ್‌ನ 1.33 ಹೆಚ್ಚುಕಡಿಮೆ ಇದೇ) ಇಡಿಯಾಗಿ ಮೂಡಿರುತ್ತದೆ; ಪ್ರೊಜೆಕ್ಟರ್ ಗೇಟಿಗೆ ಕೂರಿಸುವ ಅಪರ್ಚರ್ ಪ್ಲೇಟ್ ಮೇಲೂ ಕೆಳಗೂ ಮರೆಮಾಡಿ ಉಳಿದದ್ದನ್ನು ಪರದೆಗೆ ಬಿಡುತ್ತದೆ. 1.85ಕ್ಕೆ ಎತ್ತರದ ಸುಮಾರು ಕಾಲು ಭಾಗ ಹೋಗುತ್ತದೆ. ಅದನ್ನು ಲೆಕ್ಕಹಾಕಿಯೇ ಛಾಯಾಗ್ರಾಹಕರು ತಲೆಯ ಮೇಲೆ ಜಾಗ ಬಿಡುತ್ತಿದ್ದರು. ಪ್ಲೇಟ್ ತೆಗೆದರೆ ಆ ಖಾಲಿ ಜಾಗ, ಕೆಲವು ಚಿತ್ರಗಳಲ್ಲಿ ಮೈಕ್ ಕೂಡ, ಕಣ್ಣಿಗೆ ಬೀಳುತ್ತದೆ.

ಬಿಡುಗಡೆಯ ವರ್ಷಕ್ಕಿಂತ ಚಿತ್ರೀಕರಣದ ವರ್ಷ ನೋಡಿ. ಹಾಲಿವುಡ್ ಅಗಲ ಪರದೆಗೆ ಹೊರಳಿದ್ದು 1953ರಲ್ಲಿ. 'ಶೇನ್' ಚಿತ್ರೀಕರಣ ನಡೆದದ್ದು 1951ರಲ್ಲಿ, 1.37ಕ್ಕೆಂದೇ. 1953ರಲ್ಲಿ ಪ್ಯಾರಮೌಂಟ್ ಅದನ್ನು 1.66ಕ್ಕೆ ಕತ್ತರಿಸಿ ತೋರಿಸಿತು. ಹಾಗಾಗಿ ಥಿಯೇಟರ್ ಅಳತೆ ಬಿಟ್ಟು 1.37ರಲ್ಲೇ ಬ್ಲೂ-ರೇ ತಂದದ್ದು ಸರಿಯಾದ ತೀರ್ಮಾನ. 'ವಾಟರ್‌ಫ್ರಂಟ್' ಹಾಗಲ್ಲ. ಚಿತ್ರೀಕರಣ ಶುರುವಾದದ್ದೇ 1953ರ ಕೊನೆಗೆ, ಆಗ ಒಂದೊಂದು ಥಿಯೇಟರಿನಲ್ಲಿ ಒಂದೊಂದು ಅಗಲದ ಪರದೆ. ಮೂರೂ ಅಳತೆ ಥಿಯೇಟರಿನವೇ ಅನ್ನಬಹುದು. ನಾನು ಆರಿಸುವುದು 1.66: ಮುಖಕ್ಕೂ ಬಂದರಿನ ಹಿನ್ನೆಲೆಗೂ ಅದರಲ್ಲಿ ಉಸಿರಾಡಲು ಜಾಗವಿದೆ.

ಎಚ್‌ಡಿಎಂಐ:
ಡಿಸ್ಕ್ ಸರಿ ಇದೆ, ಟಿವಿಯ ಓವರ್‌ಸ್ಕ್ಯಾನ್ (ಚಿತ್ರವನ್ನು ತುಸು ಹಿಗ್ಗಿಸಿ ಅಂಚು ಕತ್ತರಿಸುವ ಸೆಟ್ಟಿಂಗ್) ಆಫ್ ಮಾಡಿ. 1.85ರ ಚಿತ್ರ 1080 ಸಾಲುಗಳಲ್ಲಿ 1038 ಹಿಡಿಯುತ್ತದೆ, ಮೇಲೆ 21, ಕೆಳಗೆ 21 ಸಾಲು ಕಪ್ಪು. ಟಿವಿ ಅಂಚಿನ ಶೇ. 2-3ರಷ್ಟು ನುಂಗಿದರೆ ಪಟ್ಟಿ ಮಾಯ, ಜೊತೆಗೆ ಎಡ-ಬಲದ ಚಿತ್ರವೂ ಅಷ್ಟೇ ಹೋಗುತ್ತದೆ. ಎಲ್‌ಜಿಯಲ್ಲಿ 'ಜಸ್ಟ್ ಸ್ಕ್ಯಾನ್', ಸ್ಯಾಮ್‌ಸಂಗ್‌ನಲ್ಲಿ 'ಫಿಟ್ ಟು ಸ್ಕ್ರೀನ್', ಸೋನಿಯಲ್ಲಿ 'ಫುಲ್ ಪಿಕ್ಸೆಲ್' ಆರಿಸಿ. ಪ್ಲೇಯರ್ ಇರುವ ಇನ್‌ಪುಟ್‌ನಲ್ಲಿ, ಚಿತ್ರ ಓಡುತ್ತಿರುವಾಗಲೇ ಬದಲಿಸಿ. ಹಲವು ಟಿವಿಗಳು ಒಂದೊಂದು ಇನ್‌ಪುಟ್‌ಗೆ ಬೇರೆ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳುತ್ತವೆ.

ಖಚಿತ ಮಾಡಿಕೊಳ್ಳಲು 1.33 ಹಾಕಿ ಸ್ಕೇಲಿನಲ್ಲಿ ಅಳೆಯಿರಿ. 43 ಇಂಚಿನ ಟಿವಿಯ ಅಗಲ ಸುಮಾರು 95 ಸೆಂ.ಮೀ.; ಪ್ರತಿ ಪಕ್ಕದ ಪಟ್ಟಿ ಹೆಚ್ಚುಕಡಿಮೆ 12 ಸೆಂ.ಮೀ. ಬರಬೇಕು. 10 ಬಂದರೆ ಓವರ್‌ಸ್ಕ್ಯಾನ್ ಇನ್ನೂ ಹೋಗಿಲ್ಲ.

ಟೂರಿಂಗ್ ಟಾಕೀಸ್:
ನಮ್ಮ ಚಿತ್ರಗಳಿಗೂ ಈ ಮಾತು ಸಲ್ಲುತ್ತದೆ. ಕನ್ನಡದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರ, 'ಸೊಸೆ ತಂದ ಸೌಭಾಗ್ಯ' (1977). ಅದಕ್ಕೂ ಹಿಂದಿನ ಕಪ್ಪುಬಿಳುಪು ಚಿತ್ರಗಳ ಚೌಕಟ್ಟು 1.37. ಅವನ್ನು ಪರದೆ ತುಂಬಲೆಂದು ಈಗಿನ ಟಿವಿಯ 16:9 ಅಳತೆಗೆ ಕತ್ತರಿಸಿದರೆ ಎತ್ತರದಲ್ಲಿ ಶೇ. 23 ನಷ್ಟ, ಟೈಟಲ್ ಅಕ್ಷರ, ಕುಣಿಯುವವರ ಪಾದ ಅಂಚಿನಲ್ಲಿ ತುಂಡಾಗಿರುತ್ತವೆ. ಮುಖ ಅಗಲಕ್ಕೆ ಎಳೆದಂತಿದ್ದರೆ ಮಾತ್ರ ಉಪಾಯವಿದೆ: ಕಂಪ್ಯೂಟರಿನ ವಿಎಲ್‌ಸಿ ವಿಡಿಯೊ ಪ್ಲೇಯರ್‌ನಲ್ಲಿ ಎ (A) ಕೀಲಿ ಒತ್ತುತ್ತ 4:3ಕ್ಕೆ ತನ್ನಿ. ಕತ್ತರಿಸಿದ್ದಾದರೆ ಬೇರೆ ಪ್ರತಿಯನ್ನೇ ಹುಡುಕಬೇಕು.