ಕುದುರೆಮುಖದ ಅದಿರಿಗೆ ಇರಾನ್ ಸಾಲ ಕೊಟ್ಟಿದ್ದೇಕೆ?

ಭದ್ರಾತೀರ (ಶಿವಮೊಗ್ಗ)

ಮನೆ ಬದಲಿಸುವಾಗ ಅಪ್ಪನ ಕಪಾಟಿನ ಮೂಲೆಯಲ್ಲಿ ಹಳೆಯ ಹಾರ್ಲಿಕ್ಸ್ ಸೀಸೆಯೊಂದು ಸಿಕ್ಕಿತು. ಅರ್ಧ ಮಾತ್ರ ತುಂಬಿದ್ದರೂ ಎತ್ತಿದರೆ ಕೈ ಜಗ್ಗುವಷ್ಟು ಭಾರ. ಒಳಗೆ ಕಾಡಿಗೆಯಂತೆ ನುಣ್ಣಗಿನ ಕಪ್ಪು ಪುಡಿ. ಮಗ ತನ್ನ ಆಟಿಕೆಯ ಅಯಸ್ಕಾಂತವನ್ನು ಗಾಜಿಗೆ ತಾಗಿಸಿದ. ಪುಡಿ ಒಳಗಿನಿಂದ ಮುಳ್ಳುಮುಳ್ಳಾಗಿ ಎದ್ದು ಗಾಜಿಗೆ ಅಂಟಿಕೊಂಡಿತು.

ಅಪ್ಪ ಕುದುರೆಮುಖದ ಗಣಿಯಲ್ಲಿ ಮೊದಲಿನಿಂದ ಕೊನೆಯವರೆಗೂ ದುಡಿದವರು. ನಾನು ಹುಟ್ಟಿ ಬೆಳೆದದ್ದು ಅಲ್ಲಿನ ಕ್ವಾರ್ಟರ್ಸ್‌ನಲ್ಲಿ. "ಈ ಮನೆ, ನಿನ್ನ ಶಾಲೆ, ಆಸ್ಪತ್ರೆ, ಎಲ್ಲವೂ ಇರಾನಿನ ದೊರೆ ಷಾ ಕೊಟ್ಟ ದುಡ್ಡು" ಎಂದು ಅವರು ಆಗಾಗ ಹೇಳುತ್ತಿದ್ದರು. ಮಕ್ಕಳನ್ನು ಮಲಗಿಸುವ ಕಥೆಯೆಂದುಕೊಂಡಿದ್ದೆ. ಎಣ್ಣೆಯ ಮೇಲೆ ಕುಳಿತಿದ್ದ ದೇಶಕ್ಕೆ ನಮ್ಮ ಶೋಲಾ ಕಾಡಿನ ನಡುವಿನ ಬೆಟ್ಟವೊಂದು ಏಕೆ ಬೇಕಾಯಿತು? ತಿಳಿದವರು ದಯವಿಟ್ಟು ಹೇಳಿ. ಅಪ್ಪನಿಗೆ ಓದಿ ಹೇಳಬೇಕು.

ಪಣಂಬೂರಿನ ನಿವೃತ್ತ (ಮಂಗಳೂರು)

ನಿಮ್ಮ ತಂದೆಯವರ ಮಾತು ಕಥೆಯಲ್ಲ, ತಂಗಿ. ಆದರೆ ಷಾ ಕೊಡುತ್ತೇನೆಂದದ್ದು ಪೂರ್ತಿ ಬರಲಿಲ್ಲ.

ಅಲ್ಲಿ ಕಬ್ಬಿಣವಿದೆ ಎಂದು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಅವರು 1913ರಲ್ಲೇ ಗುರುತಿಸಿದ್ದರು. ಆದರೆ ಅದು ಬಳ್ಳಾರಿಯ ಅದಿರಿನಂತೆ ಅಗೆದು ಲಾರಿಗೆ ತುಂಬುವ ಮಾಲಲ್ಲ. ಕಬ್ಬಿಣದ ಅಂಶ ಶೇಕಡಾ 40ನ್ನೂ ಮುಟ್ಟುವುದಿಲ್ಲ. ಕಲ್ಲನ್ನು ಹಿಟ್ಟಾಗುವಂತೆ ಅರೆದು, ನೀರಿನಲ್ಲಿ ಕದಡಿ, ಅಯಸ್ಕಾಂತದಿಂದ ಬೇರ್ಪಡಿಸಬೇಕು. ಹಾಗೆ ಬೇರ್ಪಟ್ಟ ಪುಡಿಯೇ ನಿಮ್ಮ ಸೀಸೆಯಲ್ಲಿರುವುದು. ಇದಕ್ಕೆಲ್ಲ ಹಾಕುವಷ್ಟು ಹಣ ಯಾರ ಬಳಿಯಿತ್ತು?

1973ರ ಕೊನೆಯಲ್ಲಿ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ನಮಗೆ ಡಾಲರಿನ ಬರ, ಇರಾನಿಗೆ ಡಾಲರಿನ ಹೊಳೆ. ಎಣ್ಣೆ ಬತ್ತುವ ಮೊದಲೇ ತನ್ನ ದೇಶದಲ್ಲಿ ಉಕ್ಕಿನ ಕಾರ್ಖಾನೆಗಳು ಏಳಬೇಕೆಂಬ ಹಟ ಷಾನದು. ಎಣ್ಣೆಗೆಂದು ಹೊರಗೆ ಹೋದ ಡಾಲರು ಅದಿರಿನ ದಾರಿಯಿಂದ ಮರಳಿ ಬರಲಿ ಎಂಬ ಲೆಕ್ಕ ದೆಹಲಿಯದು. 1975ರ ನವೆಂಬರಿನಲ್ಲಿ ಒಪ್ಪಂದವಾಯಿತು: ಇರಾನ್ 63 ಕೋಟಿ ಡಾಲರ್ ಸಾಲ ಕೊಡಬೇಕು, 21 ವರ್ಷಗಳಲ್ಲಿ 15 ಕೋಟಿ ಟನ್ ಅದಿರಿನ ಪುಡಿ ಕೊಳ್ಳಬೇಕು. ಮರುವರ್ಷವೇ ಕಂಪನಿ ಹುಟ್ಟಿತು.

ಆಗ ನನಗೆ ಇಪ್ಪತ್ತಾರು ವರ್ಷ. ಕೊಳವೆ ಹಾಕುವ ತಂಡದಲ್ಲಿದ್ದೆ. ಬೆಟ್ಟದಿಂದ ಪಣಂಬೂರಿಗೆ 67 ಕಿಲೋಮೀಟರ್. ಪುಡಿ ಕಲೆಸಿದ ನೀರು ಘಟ್ಟದ ಇಳಿಜಾರಿನಲ್ಲಿ ತಾನಾಗಿ ಹರಿದು ಬಂದರಿಗೆ ಬರಬೇಕು. ಜಿಗಣೆ ಕಿತ್ತು ಕಿತ್ತು ಬೆರಳುಗಳು ಉಪ್ಪಿನಿಂದ ಬಿರಿದಿರುತ್ತಿದ್ದವು. 1979ರ ಫೆಬ್ರವರಿಯಲ್ಲಿ ರೇಡಿಯೋದಲ್ಲಿ ಟೆಹರಾನಿನಲ್ಲಿ ಕ್ರಾಂತಿಯಾಗಿ ಷಾನ ಆಡಳಿತ ಉರುಳಿದ ಸುದ್ದಿ ಬಂದಾಗ ಬೆಸುಗೆ ಹಾಕುತ್ತಿದ್ದವರು ಕೆಲಸ ನಿಲ್ಲಿಸಲಿಲ್ಲ. ಕ್ರಾಂತಿಗೂ ನಮ್ಮ ಕೊಳವೆಗೂ ಏನು ಸಂಬಂಧವೆಂದು ಯಾರಿಗೂ ಹೊಳೆದಿರಲಿಲ್ಲ.

ಸಾಲ ನಿಂತಿತು, ಗಿರಾಕಿಯೂ ಹೋದ. ಉಳಿದ ಹಣವನ್ನು ನಮ್ಮ ಸರ್ಕಾರವೇ ಹಾಕಿತು, 1980ರಲ್ಲಿ ಕೆಲಸ ಹೇಳಿದ ಹೊತ್ತಿಗೆ ಮುಗಿಯಿತು. ಗಣಿ ಇದೆ, ಬಂದರು ಇದೆ, ಕೊಳ್ಳುವವರಿಲ್ಲ. ಅಷ್ಟು ನುಣ್ಣನೆಯ ಪುಡಿಯನ್ನು ಹಾಗೆಯೇ ಕುಲುಮೆಗೆ ಸುರಿಯಲು ಬರುವುದಿಲ್ಲ. 1987ರಲ್ಲಿ ಮಂಗಳೂರಿನ ಪೆಲೆಟ್ ಘಟಕ ಬಂದ ಮೇಲೆ, ಪುಡಿಯನ್ನು ಗೋಲಿಯಂತೆ ಉಂಡೆಗಟ್ಟಿ ಸುಟ್ಟು ಮಾರುವುದು ಸಾಧ್ಯವಾಯಿತು. ಒಪ್ಪಂದ ಮಾಡಿದವರನ್ನು ನಾನು ಹಳಿಯುವುದಿಲ್ಲ; ಆ ಹೊತ್ತಿಗೆ ಬೇರೆ ಬಾಗಿಲು ತೆರೆದಿರಲಿಲ್ಲ. ಆದರೆ ಒಬ್ಬನ ಮೈಯಳತೆಗೆ ಅಂಗಿ ಹೊಲಿದಂತೆ ಇಡೀ ಯೋಜನೆಯನ್ನು ಒಂದೇ ದೇಶದ ಅಳತೆಗೆ ಕಟ್ಟಿದ್ದು ತಪ್ಪು ಎಂದು ಇವತ್ತಿಗೂ ಅನ್ನಿಸುತ್ತದೆ.

ಕಳಸದ ತೋಟಗಾರ

ಹಿರಿಯರೇ, ಒಪ್ಪಂದಕ್ಕೆ ರುಜು ಹಾಕದ ಒಬ್ಬಳನ್ನು ತಾವು ಬಿಟ್ಟಿರಿ. ಭದ್ರೆ.

ಒಂದು ಟನ್ ಪುಡಿ ಕೆಳಗೆ ಹೋದರೆ ಹೆಚ್ಚುಕಡಿಮೆ ಎರಡು ಟನ್ ಅರೆದ ಕಲ್ಲು ಮೇಲೆಯೇ ಉಳಿಯುತ್ತದೆ. ಅದನ್ನು ಹಿಡಿದಿಡಲೆಂದೇ ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಲಕ್ಯಾ ಸೇರುವುದು ಭದ್ರೆಯನ್ನು. ಭದ್ರೆ ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ನಿಂತು ಶಿವಮೊಗ್ಗ, ದಾವಣಗೆರೆ ಕಡೆಯ ಗದ್ದೆಗಳಿಗೆ ಹೋಗುತ್ತಾಳೆ. ಹೂಳಿನ ಮಾತು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2002ರ ಅಕ್ಟೋಬರಿನಲ್ಲಿ ಆದೇಶವಾಗಿ, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ನಿಂತದ್ದು ಸರಿ ಎಂದೇ ನನ್ನ ಮಾತು. ಅದರಿಂದ ಕೆಲಸ ಹೋದ ಮನೆಗಳ ಸಂಕಟ ಗೊತ್ತಿಲ್ಲದೆ ಹೇಳುತ್ತಿಲ್ಲ. ನನ್ನ ಭಾವನವರ ಮನೆಯೂ ಅವುಗಳಲ್ಲೊಂದು. ಷಾ ಹೋದ, ಗಿರಾಕಿಗಳು ಬದಲಾದರು. ಆ ಅರೆದ ಕಲ್ಲು ಮಾತ್ರ ನಮ್ಮ ನೆತ್ತಿಯ ಮೇಲೆ ಇನ್ನೂ ಇದೆ. ಅದನ್ನು ಕಾಯುವ ಖರ್ಚು ಯಾವ ಒಪ್ಪಂದದ ಲೆಕ್ಕದಲ್ಲಿತ್ತು?

ಪಣಂಬೂರಿನ ನಿವೃತ್ತ (ಮಂಗಳೂರು)

ಒಪ್ಪಿದೆ. ನಮ್ಮ ಕಣ್ಣು ಆಗ ಕೊಳವೆಯ ಕೆಳತುದಿಯ ಮೇಲೆ ಮಾತ್ರವಿತ್ತು.

ಭದ್ರಾತೀರ (ಶಿವಮೊಗ್ಗ)

ಇಬ್ಬರಿಗೂ ಕೃತಜ್ಞತೆಗಳು. ಸಂಜೆ ಜಗಲಿಯಲ್ಲಿ ಅಪ್ಪನಿಗೆ ಎಲ್ಲವನ್ನೂ ಓದಿದೆ. ಲಕ್ಯಾದ ಮಾತು ಬಂದಾಗ "ಅವರು ಹೇಳುವುದು ಸರಿಯೇ" ಎಂದು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, ತಾವು ಹೊಸದಾಗಿ ಸೇರಿದಾಗ ಇರಾನಿಗೆ ತರಬೇತಿಗೆ ಕಳಿಸುತ್ತಾರೆಂಬ ಸುದ್ದಿ ಹಬ್ಬಿತ್ತೆಂದೂ, ರೂಮಿನಲ್ಲಿ ಜೊತೆಗಿದ್ದವನಿಂದ ಪಾರ್ಸಿ ಭಾಷೆಯ ಎಣಿಕೆ ಕಲಿತಿದ್ದೆನೆಂದೂ ಹೇಳಿದರು. ಇಷ್ಟು ವರ್ಷ ಒಮ್ಮೆಯೂ ಹೇಳಿರಲಿಲ್ಲ. ಮೊಮ್ಮಗ ಕೇಳಿದ್ದಕ್ಕೆ ಬೆರಳು ಮಡಿಸುತ್ತಾ ಎಣಿಸಿ ತೋರಿಸಿದರು: ಯೆಕ್, ದೋ, ಸೆ, ಚಹಾರ್, ಪಂಜ್. ಸೀಸೆಯನ್ನು ತಮ್ಮ ಕೋಣೆಯ ಕಿಟಕಿಯ ಬಳಿಯೇ ಇಡಲು ಹೇಳಿದ್ದಾರೆ.