ಆರು ಗಂಟೆಯ ಸಬ್ಬತ್: ಕ್ಯಾಪ್ಟನ್ ಬೇಟ್ಸ್ ಮಾತಿಗೆ ಅಷ್ಟು ತೂಕ ಎಲ್ಲಿಂದ ಬಂತು?

ಶುಕ್ರವಾರದ_ಒಲೆ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಕೃಷ್ಣರಾಜಪುರದ ಕಡೆಯವಳು. ನಮ್ಮದು ಅಡ್ವೆಂಟಿಸ್ಟ್ ಮನೆ, ಅಂದ್ರೆ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಕೆಲಸ ಬಿಟ್ಟು ಸಬ್ಬತ್ ಅನ್ನೋ ದೇವರ ದಿನ ಆಚರಿಸೋ ಕ್ರೈಸ್ತರು. ಶುಕ್ರವಾರ ಹೊತ್ತು ಮುಳುಗೋದ್ರೊಳಗೆ ಅಡುಗೆ ಮುಗಿದಿರಬೇಕು, ನೀರು ತುಂಬಿರಬೇಕು, ನಾಳೆ ಉಡೋ ಬಟ್ಟೆಗೆ ಇಸ್ತ್ರಿ ಆಗಿರಬೇಕು. ನಮ್ಮಜ್ಜಿ ಗಡಿಯಾರ ನೋಡ್ತಿರಲಿಲ್ಲ. ಹಿತ್ತಲ ತೆಂಗಿನ ತುದಿಯಿಂದ ಬಿಸಿಲು ಜಾರಿತಾ ಅಂತ ನೋಡೋರು. ಜಾರಿತು ಅಂದ್ರೆ ಒಲೆ ಆರಿಸಿ, ಕೈ ತೊಳೆದು, ಹಾಡಿನ ಪುಸ್ತಕ ಕೈಗೆತ್ತಿಕೊಳ್ಳೋರು.

ಈ ತಿಂಗಳು ಸಬ್ಬತ್ ಶಾಲೆಯಲ್ಲಿ ಹರೆಯದ ಮಕ್ಕಳಿಗೆ ಸಭೆಯ ಚರಿತ್ರೆ ಹೇಳೋದು ನನ್ನ ಪಾಲಿಗೆ ಬಂದಿದೆ. ಓದ್ತಾ ಓದ್ತಾ ಒಂದು ಕಡೆ ನಿಂತುಬಿಟ್ಟೆ. ಅಮೆರಿಕದಲ್ಲಿ ನಮ್ಮ ಮೊದಲ ತಲೆಮಾರಿನವರಲ್ಲಿ ಹೆಚ್ಚಿನವರು 1855ರವರೆಗೂ ಸೂರ್ಯಾಸ್ತಕ್ಕೆ ಸಬ್ಬತ್ ಶುರು ಮಾಡ್ತಿರಲಿಲ್ವಂತೆ! ಶುಕ್ರವಾರ ಸಂಜೆ ಸರಿಯಾಗಿ ಆರು ಗಂಟೆಗೆ ಶುರು, ಶನಿವಾರ ಆರಕ್ಕೆ ಮುಗಿತು. ಬೇಸಿಗೆಯಾಗಲಿ, ಹಿಮ ಬೀಳ್ತಿರಲಿ. ಹಾಗೆ ಲೆಕ್ಕ ಹಾಕಿಕೊಟ್ಟವರು ನಮ್ಮ ಸಭೆ ಕಟ್ಟಿದವರಲ್ಲಿ ಒಬ್ಬರಾದ, ಮೊದಲು ಹಡಗು ನಡೆಸ್ತಿದ್ದ ಕ್ಯಾಪ್ಟನ್ ಜೋಸೆಫ್ ಬೇಟ್ಸ್.

ಬೈಬಲಿನಲ್ಲಿ ಇಲ್ಲದ್ದು ನಮಗೆ ಬೇಡ ಅಂತ ತಮ್ಮ ಹಳೇ ಸಭೆಗಳನ್ನೇ ಬಿಟ್ಟು ಬಂದ ಜನ, ಒಬ್ಬರ ಲೆಕ್ಕಕ್ಕೆ ಸುಮಾರು ಒಂಬತ್ತು ವರ್ಷ ಹೇಗೆ ತಲೆಬಾಗಿದ್ರು? ಮಕ್ಕಳು ಕೇಳೇ ಕೇಳ್ತಾರೆ. ತಿಳಿದವರು ಹೇಳಿ, ದಯವಿಟ್ಟು.

ಕಾರವಾರದ_ನಾವಿಕ:

ತಂಗಿ, ನಾನು ನಿಮ್ಮ ಸಭೆಯವನಲ್ಲ, ನನ್ನ ಹೆಂಡತಿಯ ತವರು ಆ ಸಭೆಯದು. ಆದರೆ ಮೂವತ್ತೊಂದು ವರ್ಷ ಸರಕು ಹಡಗಿನ ಡೆಕ್ಕಿನಲ್ಲಿ ದುಡಿದವನು. ಬೇಟ್ಸ್ ತಮ್ಮ ಕಥೆ ತಾವೇ ಬರೆದಿಟ್ಟಿದ್ದನ್ನು ಅವಳ ಮನೆಯಲ್ಲಿ ಓದಿದೆ. ಓದಿದ ಮೇಲೆ ಆ ಆರು ಗಂಟೆ ನನಗೆ ವಿಚಿತ್ರ ಅನ್ನಿಸಲೇ ಇಲ್ಲ.

ಕಡಲಿನಲ್ಲಿರುವವನಿಗೆ ಸೂರ್ಯ ನಂಬುವಂಥ ಗಡಿಯಾರವಲ್ಲ. ಜೂನ್ ತಿಂಗಳಲ್ಲಿ ಬಾಲ್ಟಿಕ್ ಬಂದರಿನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಇನ್ನೂ ಬಡಗಣಕ್ಕೆ ಹೋದರೆ ಮುಳುಗುವುದೇ ಇಲ್ಲ. ಅಲ್ಲಿರುವವನು ಸಬ್ಬತ್ತನ್ನು ಯಾವಾಗ ಶುರುಮಾಡಬೇಕು? ಸಮಭಾಜಕ ವೃತ್ತದ ಮೇಲೆ ಮಾತ್ರ, ಆಯಾ ಜಾಗದ ಹೊತ್ತಿನ ಪ್ರಕಾರ, ವರ್ಷವಿಡೀ ಸುಮಾರು ಆರಕ್ಕೇ ಸೂರ್ಯಾಸ್ತ. ಬೇಟ್ಸ್ ಹಿಡಿದದ್ದು ಅದನ್ನೇ: ಭೂಮಿಯ ನಡುಗೆರೆಯ ಹೊತ್ತನ್ನು ಎಲ್ಲರಿಗೂ ಒಂದೇ ಅಳತೆಯಾಗಿಟ್ಟರೆ ದೇವರ ದಿನ ಯಾರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಇದು ಕಡಲಿನಲ್ಲಿ ಸೂರ್ಯನ ಎತ್ತರ ಅಳೆಯುವ ಸೆಕ್ಸ್ಟೆಂಟ್ ಹಿಡಿದ ಕೈಯ ಯೋಚನೆ.

ಆದರೆ ಅವರಿದ್ದ ಮ್ಯಾಸಚೂಸೆಟ್ಸ್‌ನಲ್ಲಿ ಇದು ಹೇಗೆ ನಡೆದಿತ್ತು ನೋಡಿ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಕತ್ತಲಾಗಿ ಒಂದೂ ಮುಕ್ಕಾಲು ತಾಸು ಕೆಲಸ ಮಾಡಬಹುದಿತ್ತು. ಜೂನಿನಲ್ಲಿ, ಆಗಿನ ಗಡಿಯಾರದಲ್ಲಿ, ಏಳೂಕಾಲು ದಾಟುತ್ತಿತ್ತು. ಹೊಲದ ತುಂಬ ಬಿಸಿಲಿರುವಾಗ ಆರು ಹೊಡೆದರೆ ಗುದ್ದಲಿ ಕೆಳಗಿಡಬೇಕಿತ್ತು. ಲೆಕ್ಕ ಕಡಲಿನದು, ಬಾಳಿದವರು ರೈತರು.

ಆದರೂ ಯಾಕೆ ಒಪ್ಪಿದರು ಎಂದರೆ, ಆ ಮನುಷ್ಯನ ಬದುಕು ನೋಡಿ. ಹುಟ್ಟಿದ್ದು 1792. ಹದಿನೈದಕ್ಕೆ ಹಡಗು ಹತ್ತಿದರು. 1810ರಲ್ಲಿ ಲಿವರ್‌ಪೂಲಿನಲ್ಲಿ ಇಂಗ್ಲಿಷ್ ನೌಕಾದಳದವರು ಹಿಡಿದು ಬಲವಂತವಾಗಿ ದುಡಿಸಿಕೊಂಡರು, ಆಮೇಲೆ ಯುದ್ಧಕೈದಿಯಾಗಿ ಇಂಗ್ಲೆಂಡಿನ ಡಾರ್ಟ್‌ಮೂರ್ ಸೆರೆಮನೆ. ಊರಿಗೆ ಮರಳಿ ಕ್ಯಾಪ್ಟನ್ ಆದರು. ತಾವೇ ಒಂದೊಂದಾಗಿ ಸಾರಾಯಿ ಬಿಟ್ಟರು, ವೈನ್ ಬಿಟ್ಟರು, ತಂಬಾಕು ಬಿಟ್ಟರು. ಕೊನೆಯ ಪಯಣದಲ್ಲಿ ಇಡೀ ಹಡಗಿನಲ್ಲಿ ಒಂದು ತೊಟ್ಟು ಮದ್ಯ ಇರಲಿಲ್ಲ. ಆ ಕಾಲದ ಖಲಾಸಿಗಳ ನಡುವೆ ಅದನ್ನು ನಡೆಸಿದ್ದು ಎಂಥ ಕೆಲಸ ಎಂದು ಹಡಗಿನಲ್ಲಿದ್ದವರಿಗೆ ಗೊತ್ತು. 1828ರಲ್ಲಿ ಹತ್ತು ಸಾವಿರ ಡಾಲರಿಗೂ ಮೀರಿದ ಆಸ್ತಿಯೊಂದಿಗೆ ದಡ ಸೇರಿದರು. ಅದನ್ನೆಲ್ಲ ಕ್ರಿಸ್ತನ ಎರಡನೇ ಬರೋಣದ ಸುದ್ದಿ ಸಾರುವುದಕ್ಕೇ ಸುರಿದರು.

1846ರಲ್ಲಿ ಸಬ್ಬತ್ತಿನ ಬಗ್ಗೆ ಕಿರುಪುಸ್ತಕ ಬರೆಯಲು ಕೂತಾಗ ಕೈಯಲ್ಲಿದ್ದದ್ದು ಹನ್ನೆರಡೂವರೆ ಸೆಂಟ್. ಹೆಂಡತಿ ಪ್ರೂಡೆನ್ಸ್ ಹಿಟ್ಟು ಬೇಕೆಂದಾಗ ಅಷ್ಟನ್ನೂ ಕೊಟ್ಟು ನಾಲ್ಕು ಪೌಂಡ್ ತಂದುಕೊಟ್ಟರು. ಇಷ್ಟೇನಾ ಎಂದು ಆಕೆ ಅತ್ತರಂತೆ. ಅದೇ ದಿನ ಟಪಾಲಿನಲ್ಲಿ ಹತ್ತು ಡಾಲರ್ ಬಂತು. ನನಗೆ ಆ ತಾಯಿಯ ಕಣ್ಣೀರೇ ಹೆಚ್ಚು ನೆನಪಿದೆ. ಆ ಮನೆಯಲ್ಲಿ ತ್ಯಾಗ ಅವರೊಬ್ಬರದೇ ಆಗಿರಲಿಲ್ಲ.

ಹೀಗೆ ಬಾಳಿದವರು, ಲೋಕ ಸುತ್ತಿ ಬಂದವರು, ಸಂಜೆ ಎಂದರೆ ಆರು ಗಂಟೆ ಎಂದರೆ ಎದುರಾಡುವುದು ಸುಲಭವೇ? ಅವರ ವಯಸ್ಸು, ಕಡಲ ಅನುಭವ, ಭಕ್ತಿ ಕಂಡು ಜನ ಮರುಪ್ರಶ್ನೆ ಹಾಕಲಿಲ್ಲ ಎಂದು ಮುಂದೆ ಅವರ ಜೊತೆಗೆ ಸಭೆ ಕಟ್ಟಿದ ಜೇಮ್ಸ್ ವೈಟ್ ಅವರೇ ಬರೆದಿದ್ದಾರೆ.

ಹಳೇ_ಮೇಷ್ಟ್ರು:

ನಾವಿಕರು ಹೇಳಿದ್ದು ಚೆನ್ನಾಗಿದೆ, ಆದರೆ ಅರ್ಧ. ಬೇಟ್ಸ್ ವಚನ ಬಿಟ್ಟು ಮಾತಾಡಿದವರಲ್ಲ. ಯಾಜಕಕಾಂಡ 23:32ರಲ್ಲಿ ಸಾಯಂಕಾಲದಿಂದ ಸಾಯಂಕಾಲದವರೆಗೆ ಎಂದಿದೆ. ಸಾಯಂಕಾಲ ಎಂದರೆ ಯಾವಾಗ ಎಂಬುದಕ್ಕೆ ಮತ್ತಾಯ 20ರ ದ್ರಾಕ್ಷೇತೋಟದ ಕೂಲಿಯಾಳುಗಳ ಸಾಮ್ಯ ಹಿಡಿದರು. ಹನ್ನೆರಡು ತಾಸಿನ ಹಗಲು ಆರಕ್ಕೆ ಮುಗಿಯಿತು ಎಂದು ಎಣಿಸಿದರು. ಆಗಲೂ ಎಲ್ಲರೂ ಒಪ್ಪಿರಲಿಲ್ಲ. ಕೆಲವರು ಸೂರ್ಯಾಸ್ತ ಅಂದರು, ಸೂರ್ಯೋದಯ ಅಂದವರೂ ಇದ್ದರು.

ನೀವು ಮಕ್ಕಳಿಗೆ ಹೇಳಲೇಬೇಕಾದದ್ದು 1855ರ ನವೆಂಬರ್. ಜಗಳ ಬೆಳೆಯಬಾರದೆಂದು ಜೇಮ್ಸ್ ವೈಟ್ ಅವರು ಸಭೆಯ ಯುವ ಬೋಧಕ ಜೆ. ಎನ್. ಆಂಡ್ರ್ಯೂಸ್ ಅವರಿಗೆ, ಬೈಬಲಿನಲ್ಲೇ ಹುಡುಕಿ ನೋಡಿ ಎಂದರು. ಆಂಡ್ರ್ಯೂಸ್‌ಗೆ ಆಗ ಇಪ್ಪತ್ತಾರು ವರ್ಷ, ಬೇಟ್ಸ್‌ಗೆ ಅರವತ್ತಮೂರು. ಮಿಷಿಗನ್‌ನ ಬ್ಯಾಟಲ್ ಕ್ರೀಕ್ ಊರಿನ ಕೂಟದಲ್ಲಿ ಆ ಬರಹ ಓದಿದರು: ವಚನದಲ್ಲಿ ಸಾಯಂಕಾಲ ಎಂದರೆ ಸೂರ್ಯಾಸ್ತವೇ. ಹೆಚ್ಚುಕಡಿಮೆ ಎಲ್ಲರೂ ಒಪ್ಪಿದರು. ಒಪ್ಪದೆ ಉಳಿದವರಲ್ಲಿ ಬೇಟ್ಸ್ ಒಬ್ಬರು, ಜೇಮ್ಸ್ ಅವರ ಹೆಂಡತಿ, ಸಭೆಯವರು ಪ್ರವಾದಿನಿ ಎಂದು ನಂಬುವ ಎಲೆನ್ ವೈಟ್ ಇನ್ನೊಬ್ಬರು! ಕೆಲವೇ ದಿನಗಳಲ್ಲಿ ಎಲೆನ್ ವೈಟ್ ಅವರಿಗಾದ ದರ್ಶನವೂ ಸೂರ್ಯಾಸ್ತದ ಕಡೆಗೇ ಇತ್ತು. ಇಬ್ಬರೂ ಒಪ್ಪಿಕೊಂಡರು.

ಮೊದಲು ಅಧ್ಯಯನ, ಆಮೇಲೆ ದರ್ಶನ. ಈ ಕ್ರಮ ತಪ್ಪಿಸಿ ಹೇಳಬೇಡಿ ಅಮ್ಮಾ. ನಮ್ಮಲ್ಲೇ ಎಷ್ಟೋ ಜನ ತಿರುವುಮುರುವು ಹೇಳಿದ್ದನ್ನು ಕೇಳಿ ನನಗೆ ನೋವಾಗಿದೆ. ಇನ್ನೊಂದು, ಬೇಟ್ಸ್ ಮುನಿಸಿಕೊಂಡು ದೂರ ಸರಿಯಲಿಲ್ಲ. 1860ರಲ್ಲಿ ಸಭೆಗೆ ಹೆಸರು ಆರಿಸಿದ ಕೂಟಕ್ಕೆ ಅಧ್ಯಕ್ಷರಾಗಿ ಕೂತದ್ದು ಅವರೇ.

ರಾಗಿಮುದ್ದೆ_ಸಾಕು:

ಒಂದು ಸಣ್ಣ ಮಾತು. ಬೇಟ್ಸ್ 1843ರಲ್ಲೇ ಮಾಂಸ ಬಿಟ್ಟಿದ್ದರು. ಆದರೆ ಜೊತೆಯವರಿಗೆ ಅದನ್ನು ಬೋಧಿಸಲಿಲ್ಲ, ಅವರ ತಟ್ಟೆ ನೋಡಿ ಮೂಗು ಮುರಿಯಲಿಲ್ಲ. ಯಾಕೆ ತಿನ್ನುವುದಿಲ್ಲ ಎಂದು ಕೇಳಿದರೆ ನನ್ನ ಪಾಲಿನದನ್ನು ತಿಂದಾಗಿದೆ ಅನ್ನುತ್ತಿದ್ದರಂತೆ. ಆರೋಗ್ಯ ಸುಧಾರಣೆಯ ಮಾತು ಸಭೆಯಲ್ಲಿ ಎದ್ದದ್ದು 1863ರ ನಂತರ. ಇಪ್ಪತ್ತು ವರ್ಷ ಸುಮ್ಮನೆ ಉಂಡು ತೋರಿಸಿದರು. ನಮ್ಮ ಮನೆಯಲ್ಲಿ ಊಟದ ವಿಷಯಕ್ಕೆ ಮಾತು ಬೆಳೆದಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಶುಕ್ರವಾರದ_ಒಲೆ:

ನಾವಿಕ ಅಣ್ಣ, ಮೇಷ್ಟ್ರೇ, ಎಲ್ಲರಿಗೂ ವಂದನೆ. ಅರವತ್ತಮೂರರ ಕ್ಯಾಪ್ಟನ್ ಇಪ್ಪತ್ತಾರರ ಹುಡುಗನ ಬರಹಕ್ಕೆ ಎದುರಾಗಿ ಕೂತದ್ದನ್ನೇ ಪಾಠದ ಮೊದಲಿಗೆ ಇಡ್ತೀನಿ. ಹಿರಿಯರಿಗೆ ಎದುರು ಮಾತಾಡಬಾರದು ಅಂತ ಬೆಳೆದ ಮಕ್ಕಳು ನಮ್ಮವು. ಪ್ರೂಡೆನ್ಸ್ ಅವರ ಹಿಟ್ಟಿನ ಕಥೆ ಬಿಡೋ ಹಾಗೇ ಇಲ್ಲ.

ನಿನ್ನೆ ಕ್ಯಾಲೆಂಡರ್ ತೆಗೆದು ನೋಡಿದೆ. ಬೆಂಗಳೂರಲ್ಲಿ ಸೂರ್ಯಾಸ್ತ ನವೆಂಬರಿನಲ್ಲಿ ಆರಕ್ಕೆ ಹತ್ತು ನಿಮಿಷ ಮೊದಲು, ಜುಲೈನಲ್ಲಿ ಏಳಕ್ಕೆ ಹತ್ತು ನಿಮಿಷ ಮೊದಲು. ಬೇಟ್ಸ್ ಲೆಕ್ಕ ಅವರೂರಿಗಿಂತ ನಮ್ಮೂರಿಗೇ ಹತ್ತಿರ. ಅಜ್ಜಿ ಇದ್ದಿದ್ರೆ ತೋರಿಸ್ತಿದ್ದೆ. ತೆಂಗಿನ ಮರ ಈಗಲೂ ಇದೆ, ಮಕ್ಕಳನ್ನ ಈ ಶುಕ್ರವಾರ ಅಲ್ಲಿಗೇ ಕರೀತೀನಿ.